ಕತ್ತಲೆಯನ್ನೂ ಮಾರಿಕೊಂಡರು



ಆ ವೀಡಿಯೋಗಳನ್ನು ನೀವೆಲ್ಲ ನೋಡಿದ್ದೀರಿ. ಹಾಸ್ಟೆಲಿನಲ್ಲಿ ಊಟ ಮುಗಿಸಿ ಚಾಪೆ ಮೇಲೆ ಮಲಗಿ ಮೊಬೈಲ್ ತೆಗೆದರೆ ಒಂದರ ಹಿಂದೆ ಒಂದು ಬರುತ್ತವೆ. ಕಪ್ಪು ಬಿಳುಪು ಚಿತ್ರ. ನಡುವೆ ಗುರಿಯ ಗೆರೆ. ನೆಲ ಕಪ್ಪಗೆ, ಮರಗಿಡ ಬೂದಿ ಬಣ್ಣಕ್ಕೆ. ಅದರ ನಡುವೆ ಬೆಳ್ಳಗೆ ಏನೋ ಹರಿದಾಡುತ್ತಿರುತ್ತದೆ. ಹಿಂದೆ ಸಿನಿಮಾ ಸಂಗೀತ. ಆಮೇಲೆ ಪರದೆ ತುಂಬ ಬಿಳಿ. ಕೆಳಗೆ ಸಾವಿರಾರು ಚಪ್ಪಾಳೆ.

ಆ ಬೆಳ್ಳಗಿನದು ಮನುಷ್ಯ ಕಣ್ರಯ್ಯ. ಅವನ ಮೈಬಿಸಿ ಅದು. ಮುಖ ಇಲ್ಲ, ಹೆಸರಿಲ್ಲ, ಉಟ್ಟ ಬಟ್ಟೆಗೆ ಬಣ್ಣ ಇಲ್ಲ. ಅವನು ಬದುಕಿದ್ದಾನೆ ಅನ್ನೋದೊಂದೇ ಅಲ್ಲಿ ಕಾಣುವ ಸಂಗತಿ. ಬದುಕಿರುವುದೇ ಅವನ ಅಪರಾಧದ ಗುರುತು.

ಈ ಮೈಬಿಸಿ ನೋಡುವ ಕಣ್ಣು ಈಗ ಲೋಕದ ದೊಡ್ಡ ವ್ಯಾಪಾರ. ಅದರ ಬಗ್ಗೆ ಬರೆಯುತ್ತಿದ್ದೇನೆ. ‘ಅದು ಇಂಜಿನಿಯರಿಂಗ್ ಓದೋರ ವಿಷಯ, ನಾವು ಬಿ.ಎ.ಯವರು, ನಮಗ್ಯಾಕೆ’ ಅನ್ನಬೇಡಿ. ಬರೆಯುತ್ತಿರುವ ನಾನೂ ಬಿ.ಎ.ಯೇ. ಹತ್ತನೇ ತರಗತಿಯ ವಿಜ್ಞಾನ ಸಾಕು. ದೊಡ್ಡವರು ತಮ್ಮ ವ್ಯಾಪಾರವನ್ನು ಕಠಿಣ ಇಂಗ್ಲಿಷಿನಲ್ಲಿ ಇಡುವುದೇ ನಾವು ಒಳಗೆ ಇಣುಕದಿರಲಿ ಅಂತ.

ಬಿಸಿ ಇರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕನ್ನು ಬಿಡುತ್ತಿರುತ್ತದೆ. ಇನ್‌ಫ್ರಾರೆಡ್ ಅಂತಾರೆ, ನಮ್ಮ ಪಠ್ಯಪುಸ್ತಕದಲ್ಲಿ ಅವಕೆಂಪು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬಾತ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ ಏಳು ಬಣ್ಣ ಮಾಡಿದ. ಕೆಂಪು ಮುಗಿದ ಮೇಲೆ, ಬಣ್ಣವೇ ಇಲ್ಲದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಅಲ್ಲೂ ಬಿಸಿ ಏರಿತು. ಆತ ಸಂಗೀತಗಾರ, ನಕ್ಷತ್ರ ನೋಡುವವನು. ಯಾರನ್ನೂ ಕೊಲ್ಲುವ ಯೋಚನೆ ಅವನಿಗಿರಲಿಲ್ಲ.

ನಮ್ಮ ಮೈ ಬಿಡುವ ಈ ಬೆಳಕು ಮಾಮೂಲಿ ಗಾಜನ್ನು ದಾಟುವುದಿಲ್ಲ. ಅದಕ್ಕೆ ಜರ್ಮೇನಿಯಂನಂಥ ಧಾತುವಿನ ಮಸೂರ ಬೇಕು. ಅದರ ಹಿಂದೆ ಬಿಸಿಯನ್ನು ಅಳೆದು ಚಿತ್ರ ಮಾಡುವ ತಟ್ಟೆ. ಇದರಲ್ಲಿ ಎರಡು ಜಾತಿ (ಇಲ್ಲೂ ಜಾತಿ ನೋಡಿ). ಒಂದನ್ನು ಸೊನ್ನೆಗಿಂತ ಕೆಳಗೆ ಸುಮಾರು 196 ಡಿಗ್ರಿಯ ತಣ್ಣಗೆಯಲ್ಲಿ ಇಡಬೇಕು. ದುಬಾರಿ ಮಾಲು. ವಿಮಾನ, ಕ್ಷಿಪಣಿ, ಟ್ಯಾಂಕುಗಳಿಗೆ. ಇನ್ನೊಂದಕ್ಕೆ ತಣ್ಣಗೆ ಬೇಡ. ಅದನ್ನು 1980ರ ದಶಕದಲ್ಲಿ ಅಮೆರಿಕದ ಮಿಲಿಟರಿ ದುಡ್ಡಿನಲ್ಲಿ ಹನಿವೆಲ್ ಕಂಪನಿ ಗುಟ್ಟಾಗಿ ತಯಾರಿಸಿತು. 1992ರಲ್ಲಿ ಗುಟ್ಟು ಬಿಟ್ಟುಕೊಟ್ಟರು. ಅಲ್ಲಿಂದ ಬೆಲೆ ಇಳಿಯುತ್ತಾ ಬಂತು. ಅದೀಗ ಬೆಂಕಿ ಆರಿಸುವವರ ಕೈಯಲ್ಲಿದೆ, ಕರೆಂಟ್ ತಂತಿ ಎಲ್ಲಿ ಕಾಯುತ್ತಿದೆ ಅಂತ ನೋಡುವವರ ಕೈಯಲ್ಲಿದೆ, ಕೊಲ್ಲುವ ಡ್ರೋನಿನ ಹೊಟ್ಟೆಯಲ್ಲೂ ಇದೆ. ಹೊಗೆ ತುಂಬಿದ ಮನೆಯೊಳಗೆ ಬಿದ್ದಿರುವ ಮಗುವನ್ನು ಹುಡುಕಿ ಎತ್ತಿಕೊಂಡು ಬರುವ ಕಣ್ಣಿಗೆ ನನ್ನ ತಕರಾರಿಲ್ಲ. ಕೈ ಮುಗಿಯುತ್ತೇನೆ. ನನ್ನ ಮಾತು ಇನ್ನೊಂದರ ಬಗ್ಗೆ.

ಹಳೆಯ ರಾತ್ರಿ ದುರ್ಬೀನು ನಕ್ಷತ್ರದ ಬೆಳಕನ್ನಾದರೂ ಬೇಡುತ್ತಿತ್ತು. ಇದಕ್ಕೆ ಬೆಳಕೇ ಬೇಡ. ಅಮಾವಾಸ್ಯೆಯಾದರೂ ಸರಿ. ‘ರಾತ್ರಿಯ ಒಡೆಯರು ನಾವು’ ಎನ್ನುವುದು ಅಮೆರಿಕದ ಸೈನ್ಯದಲ್ಲಿ ಹೆಮ್ಮೆಯ ಮಾತು. ಒಡೆಯರಂತೆ! ಹೊಲಕ್ಕೆ ಒಡೆಯರಿದ್ದರು, ಕೆರೆಗೆ ಒಡೆಯರಿದ್ದರು, ಬಾವಿಗೆ ಒಡೆಯರಿದ್ದರು. ಈಗ ರಾತ್ರಿಗೂ ಒಡೆಯರು ಬಂದಿದ್ದಾರೆ.

ಯೋಚನೆ ಮಾಡಿ. ಕತ್ತಲೆ ಯಾರದಾಗಿತ್ತು? ಕೋಟೆ ಇದ್ದವನಿಗೆ ಕತ್ತಲೆ ಬೇಕಾಗಿರಲಿಲ್ಲ, ಅವನಿಗೆ ಗೋಡೆ ಇತ್ತು, ಕಾವಲಿತ್ತು. ಕತ್ತಲೆ ಬೇಕಾದದ್ದು ಗೋಡೆ ಇಲ್ಲದವನಿಗೆ. ಜೀತ ಬಿಟ್ಟು ಓಡಿದವರು ಹಗಲಿನಲ್ಲಿ ಓಡಿದರೇನು? ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟವರು ಗೌಡನ ಕಣ್ಣೆದುರಿಗೇ ಬಿಟ್ಟರೇನು? ಯುದ್ಧದ ನಾಡಿನಲ್ಲೂ ಅಷ್ಟೇ. ಊರು ಹೊತ್ತಿ ಉರಿಯುವಾಗ ಜನ ಗಡಿ ದಾಟುವುದು ರಾತ್ರಿ. ಗಾಯ ಆದವನನ್ನು ಹೊತ್ತು ತರುವುದು ರಾತ್ರಿ. ಕಾಸಿಲ್ಲದವನಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ಒಂದೇ ಒಂದು ರಕ್ಷಣೆ ಅದು. ಅದಕ್ಕೂ ಬೆಲೆ ಕಟ್ಟಿ, ದುಡ್ಡಿದ್ದವನಿಗೆ ಮಾರಿಬಿಟ್ಟರು.

1991ರ ಕೊಲ್ಲಿ ಯುದ್ಧದಲ್ಲಿ ಇದರ ದೊಡ್ಡ ಪ್ರದರ್ಶನ ನಡೆಯಿತು. ಮರುಭೂಮಿಯಲ್ಲಿ ಸಂಜೆಯಾದ ಮೇಲೆ ಮರಳು ಬೇಗ ತಣ್ಣಗಾಗುತ್ತದೆ, ಟ್ಯಾಂಕಿನ ಕಬ್ಬಿಣ ನಿಧಾನ. ಮರಳೊಳಗೆ ಹೂತಿಟ್ಟ ಇರಾಕಿನ ಟ್ಯಾಂಕುಗಳು ಅಮೆರಿಕದ ಎಫ್-111 ವಿಮಾನಗಳಿಗೆ ಕತ್ತಲಲ್ಲಿ ಹೊಳೆಯುತ್ತಾ ಕಂಡವು. ಒಂದೊಂದನ್ನೇ ಹೆಕ್ಕಿ ಹೊಡೆದರು. ಇರಾಕಿನ ಸೈನಿಕರು ಟ್ಯಾಂಕು ಬಿಟ್ಟು ದೂರ ಹೋಗಿ ಮಲಗತೊಡಗಿದರು. ಅದೇ ಯುದ್ಧದಲ್ಲಿ, ಫೆಬ್ರವರಿ 13ರ ಬೆಳಗಿನ ಜಾವ, ಇನ್‌ಫ್ರಾರೆಡ್ ಕಣ್ಣಿನಿಂದ ಗುರಿ ಹಿಡಿಯುವ ಎಫ್-117 ವಿಮಾನಗಳು ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಎರಡು ಬಾಂಬು ಹಾಕಿದವು. ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಒಳಗೆ ಮಲಗಿದ್ದ ನಾನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳೇ ಹೆಚ್ಚು. ಟೀವಿಯಲ್ಲಿ ಲೋಕಕ್ಕೆಲ್ಲ ತೋರಿಸಿದ್ದು ಬಾಂಬಿನ ಜಾಣತನ. ವ್ಯಾಪಾರ ಕುದುರಿದ್ದು ಅಲ್ಲಿಂದ.

ಅವರ ವಾದ ಕೇಳಿ. ‘ನೋಟ ಚೂಪಾದಷ್ಟೂ ಗುರಿ ಚೂಪು. ಗುರಿ ಚೂಪಾದಷ್ಟೂ ನಿರಪರಾಧಿಗಳು ಸಾಯುವುದು ಕಮ್ಮಿ. ಆದ್ದರಿಂದ ನಮ್ಮ ಕಣ್ಣು ಕೊಳ್ಳುವುದು ದಯೆಯ ಕೆಲಸ.’ ಎಷ್ಟು ನಯವಾದ ಮಾತು! ಕಸಾಯಿಯವನು ಕತ್ತಿ ಮಸೆಯುವುದು ಕುರಿಗೆ ನೋವಾಗದಿರಲಿ ಅಂತ ಹೇಳಿದ ಹಾಗೆ. ಆ ಕಸಾಯಿಯವನಾದರೂ ಪ್ರಾಮಾಣಿಕ, ತಾನು ಕಡಿಯುತ್ತೇನೆ ಅಂತ ಒಪ್ಪಿಕೊಳ್ಳುತ್ತಾನೆ.

ಆ ವಾದಕ್ಕೆ ಉತ್ತರ 2010ರ ಫೆಬ್ರವರಿ 21ರಂದು ಸಿಕ್ಕಿದೆ. ಅಫ್ಘಾನಿಸ್ತಾನದ ಉರುಝ್‌ಗಾನ್ ಪ್ರಾಂತ್ಯ. ಇನ್ನೂ ಬೆಳಕು ಹರಿದಿಲ್ಲ. ಮೂರು ಗಾಡಿಗಳಲ್ಲಿ ಜನ ಹೊರಟಿದ್ದಾರೆ. ಸಾಮಾನು ತರಲು ಹೊರಟ ಅಂಗಡಿಯವರು, ಓದಲು ಹೊರಟ ಹುಡುಗರು, ಆಸ್ಪತ್ರೆಗೆ ಹೊರಟ ರೋಗಿಗಳು, ನೆಂಟರ ಮನೆಗೆ ಹೊರಟ ಹೆಂಗಸರು ಮಕ್ಕಳು. ಮೇಲೆ ಅಮೆರಿಕದ ಪ್ರಿಡೇಟರ್ ಡ್ರೋನು. ಅದನ್ನು ನಡೆಸುವವರು ಭೂಮಿಯ ಆಚೆ ಬದಿ, ನೆವಾಡದಲ್ಲಿ ಕುರ್ಚಿ ಮೇಲೆ ಕೂತಿದ್ದಾರೆ. ಚಿತ್ರ ನೋಡಿ ಏನಿದೆ ಅಂತ ಹೇಳುವವರು ಫ್ಲೋರಿಡಾದಲ್ಲಿ. ಗಂಟೆಗಟ್ಟಲೆ ನೋಡಿದರು. ಒಬ್ಬಿಬ್ಬರಲ್ಲ, ತಂಡಗಳೇ ನೋಡಿದವು. ಗಾಡಿ ನಿಲ್ಲಿಸಿ ಜನ ಇಳಿದು ನಮಾಜು ಮಾಡಿದ್ದನ್ನೂ ನೋಡಿದರು. ನಮಾಜು ಮಾಡಿದರಲ್ಲ, ಹಾಗಾದರೆ ತಾಲಿಬಾನಿಗಳೇ ಇರಬೇಕು ಅಂದುಕೊಂಡರು. ಮುಸ್ಲಿಮರ ದೇಶದಲ್ಲಿ ಬೆಳಗಿನ ನಮಾಜು ಮಾಡುವುದೇ ಶತ್ರುವಿನ ಗುರುತಾಯಿತು.

ಚಿತ್ರ ನೋಡುವವರು ‘ಮಕ್ಕಳಿದ್ದಾರೆ’ ಅಂದರು. ಡ್ರೋನು ನಡೆಸುವವರಿಗೆ ಅದು ಹಿಡಿಸಲಿಲ್ಲ, ಮಗು ಎಲ್ಲಿ ಕಾಣುತ್ತದೆ ಅಂತ ಸಿಡಿಮಿಡಿಗೊಂಡರು. ಮಗು ಅನ್ನುವುದು ಹದಿಹರೆಯದವನು ಅಂತಾಯಿತು. ಹದಿಹರೆಯದವನು ಬಂದೂಕು ಹಿಡಿಯಬಲ್ಲವನು ಅಂತಾಯಿತು. ಬಿಳಿಯ ಚುಕ್ಕೆಗೆ ವಯಸ್ಸು ಎಷ್ಟು ಬೇಕಾದರೂ ಕೊಡಬಹುದು ನೋಡಿ, ಅದಕ್ಕೆ ಮುಖ ಇಲ್ಲವಲ್ಲ. ಬೆಳಗಾದ ಮೇಲೆ ಹೆಲಿಕಾಪ್ಟರುಗಳು ಬಂದು ಕ್ಷಿಪಣಿ ಬಿಟ್ಟವು. ಉರಿಯುವ ಗಾಡಿಯಿಂದ ಹೆಂಗಸರು ಇಳಿದು ಬಟ್ಟೆ ಬೀಸಿದ ಮೇಲೆ ನಿಲ್ಲಿಸಿದರು. ಸತ್ತವರು 23 ಅಂತ ಊರಿನ ಹಿರಿಯರು ಲೆಕ್ಕ ಕೊಟ್ಟರು. ಅದರಲ್ಲಿ ಮೂರು ನಾಲ್ಕು ವರ್ಷದ ಇಬ್ಬರು ಗಂಡುಮಕ್ಕಳು. ಅಮೆರಿಕದವರ ಲೆಕ್ಕದಲ್ಲಿ ಹದಿನೈದು ಹದಿನಾರು. ಹೆಣದ ಲೆಕ್ಕದಲ್ಲೂ ಚೌಕಾಸಿ. ಒಬ್ಬನ ಹತ್ತಿರವೂ ಶತ್ರುವಿನ ಗುರುತಿರಲಿಲ್ಲ. ಸತ್ತವರ ಮನೆಗೆ 4,800 ಡಾಲರ್ ಕೊಟ್ಟು ಕ್ಷಮೆ ಕೇಳಿದರು. ಆ ಡ್ರೋನಿನ ಕಣ್ಣಿನ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇದೆಲ್ಲ ಅವರದೇ ಸೈನ್ಯದ ತನಿಖೆಯಲ್ಲಿ, ಅವರದೇ ಮಾತುಕತೆಯ ದಾಖಲೆಯಲ್ಲಿ ಇದೆ. 2011ರಲ್ಲಿ ಅಲ್ಲಿಯ ಪತ್ರಿಕೆ ಮಾಹಿತಿ ಕಾನೂನು ಬಳಸಿ ಆ ದಾಖಲೆ ಹೊರಗೆ ತಂದಿತು. ಈ ಮಾತನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನಮ್ಮಲ್ಲಿ ಇದಕ್ಕೊಂದು ಹಳೆಯ ಕತೆ ಇದೆ. ದೊರೆ ದಶರಥ ಕತ್ತಲಲ್ಲಿ ಬರಿಯ ಶಬ್ದ ಕೇಳಿ ಬಾಣ ಬಿಡುವ ವಿದ್ಯೆ ಕಲಿತಿದ್ದ. ಶಬ್ದವೇಧಿ. ಹೊಳೆಯಲ್ಲಿ ಕೊಡ ಮುಳುಗುವ ಸದ್ದು ಕೇಳಿತು. ಆನೆ ಅಂದುಕೊಂಡ, ಬಿಟ್ಟ. ಸತ್ತವನು ಕುರುಡ ತಂದೆ ತಾಯಿಗೆ ನೀರು ತರಲು ಬಂದ ಹುಡುಗ. ಪುರಾಣಿಕರು ಇದನ್ನು ವಿಧಿ ಅಂತ ಹೇಳಿ ಅಳಿಸುತ್ತಾರೆ. ನಾನು ಕೇಳೋದು ಬೇರೆ. ಕಾಣದೇ ಹೊಡೆಯುವ ವಿದ್ಯೆಯನ್ನು ಅವನಿಗೆ ಕಲಿಸಿದವರು ಯಾರು? ಅದು ದೊಡ್ಡ ವಿದ್ಯೆ ಅಂತ ಹೊಗಳಿದವರು ಯಾರು? ಆ ದೊರೆಗಾದರೂ ಮುದಿ ತಂದೆ ತಾಯಿಯ ಹತ್ತಿರಕ್ಕೆ ನಡೆದು ಹೋಗಿ ತಾನೇ ಕೊಂದೆ ಅಂತ ಹೇಳುವ ಗಂಡೆದೆ ಇತ್ತು. ನೆವಾಡದವನು ಪಾಳಿ ಮುಗಿಸಿ ಕಾರು ಹತ್ತಿ ಮನೆಗೆ ಹೋದ.

‘ಅದು 2010ರ ಕ್ಯಾಮೆರಾ, ಈಗ ಬಹಳ ಸುಧಾರಿಸಿದೆ’ ಅನ್ನುತ್ತಾರೆ. ಸುಧಾರಿಸಿದೆ, ನಿಜ. ಹಾಗಾದರೆ ಯುಕ್ರೇನಿನ ಖೆರ್ಸಾನ್ ಕಡೆ ನೋಡಿ. ಅಲ್ಲಿ ರಷ್ಯದ ಸೈನಿಕರು ನದಿಯ ಆಚೆ ದಡದಿಂದ ಸಣ್ಣ ಡ್ರೋನು ಹಾರಿಸಿ ರಸ್ತೆಯಲ್ಲಿ ಹೋಗುವವರನ್ನು, ಸೈಕಲ್ ತುಳಿಯುವವರನ್ನು, ಆಂಬುಲೆನ್ಸನ್ನು ಬೆನ್ನಟ್ಟಿ ಹೊಡೆದರು. 2024ರ ಜುಲೈಯಿಂದ ಒಂದು ವರ್ಷದೊಳಗೆ ಸುಮಾರು 150 ನಾಗರಿಕರು ಹೀಗೆ ಸತ್ತರು, ನೂರಾರು ಜನ ಗಾಯಗೊಂಡರು. ವಿಶ್ವಸಂಸ್ಥೆಯ ತನಿಖಾ ಆಯೋಗ 2025ರ ಮೇ ತಿಂಗಳಲ್ಲಿ ಇದನ್ನು ಮಾನವಕುಲದ ವಿರುದ್ಧದ ಅಪರಾಧ ಅಂತ ಕರೆಯಿತು. ಯಾಕೆ ಗೊತ್ತೇ? ಹೊಡೆಯುವವನಿಗೆ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಎದುರಿಗಿರುವುದು ಸಾಮಾನ್ಯ ಮನುಷ್ಯ ಅಂತ ಗೊತ್ತಿತ್ತು. ಗೊತ್ತಿದ್ದೇ ಹೊಡೆದ. ಉರುಝ್‌ಗಾನಿನಲ್ಲಿ ಮಸುಕಾಗಿ ಕಂಡು ಕೊಂದರು, ಖೆರ್ಸಾನಿನಲ್ಲಿ ಚೆನ್ನಾಗಿ ಕಂಡು ಕೊಂದರು. ಕನ್ನಡಕದ ಅಂಗಡಿಯವನು ಕನ್ನಡಕ ಮಾರಬಹುದು. ಕರುಣೆ ಎಲ್ಲಿಂದ ಮಾರುತ್ತಾನೆ?

ಇನ್ನು ಸಂತೆಯ ಕತೆ.

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ವೆಸ್ಕ್ಯಾಮ್ ಎಂಬ ಕಾರ್ಖಾನೆ ಇದೆ. ಅಮೆರಿಕದ ಎಲ್‌3 ಹ್ಯಾರಿಸ್ ಕಂಪನಿಯದು. ಅಲ್ಲಿ ಡ್ರೋನಿಗೆ ಕಟ್ಟುವ ಗುಂಡು ಕಣ್ಣು ತಯಾರಾಗುತ್ತದೆ. ಅದರೊಳಗೆ ಹಗಲಿನ ಕ್ಯಾಮೆರಾ, ಬಿಸಿ ನೋಡುವ ಕ್ಯಾಮೆರಾ, ಗುರಿ ತೋರಿಸುವ ಲೇಸರ್ ಎಲ್ಲ ಇರುತ್ತವೆ. ಕೆನಡಾ ಅಂದರೆ ಲೋಕಕ್ಕೆಲ್ಲ ಶಾಂತಿ ಪಾಠ ಹೇಳುವ ದೇಶ. ತುರ್ಕಿ 2019ರಲ್ಲಿ ಸಿರಿಯಾಕ್ಕೆ ನುಗ್ಗಿದಾಗ ಅದಕ್ಕೆ ಮಿಲಿಟರಿ ಸಾಮಾನು ಮಾರುವುದನ್ನು ಕೆನಡಾ ತಡೆಹಿಡಿಯಿತು. ಆಮೇಲೆ, 2020ರಲ್ಲಿ, ಸದ್ದಿಲ್ಲದೆ ಈ ಕಣ್ಣಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾಗೋರ್ನೋ-ಕರಬಾಖ್ ಯುದ್ಧ. ಅಜರ್‌ಬೈಜಾನಿನ ಹತ್ತಿರ ತುರ್ಕಿಯ ಬೈರಕ್ತಾರ್ ಡ್ರೋನುಗಳು, ಡ್ರೋನುಗಳ ಕೆಳಗೆ ಕೆನಡಾದ ಕಣ್ಣು. 44 ದಿನದಲ್ಲಿ ಎರಡೂ ಕಡೆ ಸೇರಿ ಆರು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಹುಡುಗರು, ನಿಮ್ಮ ವಯಸ್ಸಿನವರು. ಅವರು ಸಾಯುವ ಚಿತ್ರವನ್ನು ಬಾಕು ನಗರದ ದೊಡ್ಡ ಪರದೆಗಳಲ್ಲಿ ತೋರಿಸಿದರು. 2021ರ ಏಪ್ರಿಲಿನಲ್ಲಿ ಕೆನಡಾ ‘ಅಯ್ಯೋ, ಕೊಟ್ಟ ಮಾತಿಗೆ ವಿರುದ್ಧವಾಗಿ ಬಳಸಿದ್ದೀರಿ’ ಅಂತ 29 ಪರವಾನಗಿ ರದ್ದು ಮಾಡಿತು. ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿರಾ? ತುರ್ಕಿ ತನ್ನದೇ ಕಣ್ಣು ತಯಾರಿಸಿಕೊಂಡು ತಾನೂ ಮಾರಲು ನಿಂತಿತು. 2024ರ ಜನವರಿಯಲ್ಲಿ, ಸ್ವೀಡನ್ ನ್ಯಾಟೋ ಕೂಟ ಸೇರಲು ತುರ್ಕಿ ಒಪ್ಪಿದ ಕೂಡಲೇ, ಕೆನಡಾ ಬಾಗಿಲು ತೆರೆಯಿತು. ಸತ್ತವರು ಎದ್ದು ಬಂದು ಕ್ಷಮಿಸಿದರೇನೋ.

ಫ್ರಾನ್ಸಿನದು ಇನ್ನೂ ಚೆಂದ. ಥಾಲೆಸ್ ಕಂಪನಿಯ ಕ್ಯಾಥರೀನ್ ಅನ್ನೋ ಥರ್ಮಲ್ ಕ್ಯಾಮೆರಾ ರಷ್ಯದ ಟ್ಯಾಂಕುಗಳಲ್ಲಿ ಕೂತಿದೆ. 2014ರಲ್ಲಿ ಕ್ರೈಮಿಯಾ ನುಂಗಿದ್ದಕ್ಕೆ ಯೂರೋಪು ರಷ್ಯಕ್ಕೆ ಆಯುಧ ಮಾರಬಾರದು ಅಂತ ನಿಷೇಧ ಹಾಕಿತು. ಆದರೆ ಹಳೆಯ ಕರಾರು ಪೂರೈಸಬಹುದು ಅಂತ ಒಂದು ಕಿಂಡಿ ಬಿಟ್ಟಿತು. ಆ ಕಿಂಡಿಯಲ್ಲಿ 2015ರಿಂದ 2020ರವರೆಗೆ ಫ್ರಾನ್ಸಿನಿಂದ 15 ಕೋಟಿ 20 ಲಕ್ಷ ಯೂರೋ ಬೆಲೆಯ ಮಿಲಿಟರಿ ಸಾಮಾನು ರಷ್ಯಕ್ಕೆ ಹೋಯಿತು, ಥರ್ಮಲ್ ಕ್ಯಾಮೆರಾಗಳೂ ಹೋದವು ಅಂತ ಡಿಸ್‌ಕ್ಲೋಸ್ ಎಂಬ ಅಲ್ಲಿಯದೇ ಪತ್ರಕರ್ತರ ಸಂಸ್ಥೆ 2022ರ ಮಾರ್ಚಿನಲ್ಲಿ ಬಯಲು ಮಾಡಿತು. ಅಷ್ಟು ಹೊತ್ತಿಗೆ ರಷ್ಯದ ಟ್ಯಾಂಕುಗಳು ಯುಕ್ರೇನಿನ ಒಳಗಿದ್ದವು. ಅತ್ತ ಯುಕ್ರೇನಿಗೂ ಫ್ರಾನ್ಸ್ ಆಯುಧ ಕಳಿಸುತ್ತಿತ್ತು. ಅಂದರೆ ಕೊಲ್ಲುವವನ ಕಣ್ಣೂ ನಮ್ಮದೇ, ಎದುರು ನಿಂತವನ ಕೋವಿಯೂ ನಮ್ಮದೇ. ನಮ್ಮೂರಿನ ಸಾಲದ ಸಾಹುಕಾರ ಇಬ್ಬರು ಅಣ್ಣತಮ್ಮಂದಿರಿಗೂ ಕೋರ್ಟು ಖರ್ಚಿಗೆ ದುಡ್ಡು ಕೊಟ್ಟ ಹಾಗೆ.

ಅಮೆರಿಕದ ಫ್ಲಿರ್ ಕಂಪನಿ ಈ ವ್ಯಾಪಾರದ ಹಿರಿಯಣ್ಣ. ಸೌದಿ ಅರೇಬಿಯದ ಗೃಹ ಇಲಾಖೆಗೆ ಥರ್ಮಲ್ ದುರ್ಬೀನು ಮಾರಲು ಅಲ್ಲಿಯ ಅಧಿಕಾರಿಗಳಿಗೆ ಬೆಲೆಬಾಳುವ ಕೈಗಡಿಯಾರ ಕೊಟ್ಟರು. ಕಾರ್ಖಾನೆ ನೋಡುವ ನೆಪದಲ್ಲಿ ಕಾಸಾಬ್ಲಾಂಕಾ, ಪ್ಯಾರಿಸ್, ದುಬೈ, ಬೈರೂತ್, ನ್ಯೂಯಾರ್ಕ್ ಅಂತ ಇಪ್ಪತ್ತು ರಾತ್ರಿಯ ಲೋಕಸಂಚಾರ ಮಾಡಿಸಿದರು. 2015ರಲ್ಲಿ 95 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡರು. 2021ರಲ್ಲಿ ಟೆಲಿಡೈನ್ ಎಂಬ ಇನ್ನೊಂದು ಕಂಪನಿ ಇದೇ ಫ್ಲಿರನ್ನು ಸುಮಾರು 800 ಕೋಟಿ ಡಾಲರಿಗೆ ಕೊಂಡಿತು. ಲಂಚದ ಕಲೆ ಬೆಲೆಯನ್ನು ಏನೂ ಇಳಿಸಲಿಲ್ಲ.

ಇಂಥ ಸಂತೆ ಎಷ್ಟು ಬೆಳೆಯುತ್ತದೆ ಅಂತ ಭವಿಷ್ಯ ಹೇಳಿ, ಆ ಭವಿಷ್ಯದ ಪುಸ್ತಕವನ್ನು ಸಾವಿರಾರು ಡಾಲರಿಗೆ ಮಾರುವ ಇನ್ನೊಂದು ಸಂತೆಯೇ ಇದೆ. ಅದರಲ್ಲಿ ಗಡಿ ಜಗಳಕ್ಕೆ, ಯುದ್ಧಕ್ಕೆ ‘ಬೆಳವಣಿಗೆಯ ಚಾಲಕ ಶಕ್ತಿ’ ಅಂತ ಹೆಸರು. ಶಾಂತಿಗೆ ಏನು ಹೆಸರಿಡುತ್ತಾರೋ, ‘ಅಡಚಣೆ’ ಇರಬೇಕು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಲೋಕದ ದೇಶಗಳೆಲ್ಲ ಸೇರಿ ಸೈನ್ಯಕ್ಕೆ ಸುರಿದದ್ದು 2 ಲಕ್ಷ 71 ಸಾವಿರ ಕೋಟಿ ಡಾಲರಿಗೂ ಹೆಚ್ಚು. ಒಂದೇ ವರ್ಷದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಏರಿಕೆ. ಖರ್ಚಿನಲ್ಲಿ ನಮ್ಮ ದೇಶ ಐದನೆಯದು.

ಇನ್ನೊಂದು ಅನ್ಯಾಯ ಕೇಳಿ. 1992ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಪೋಲೀಸರು ರಸ್ತೆಯಲ್ಲಿ ನಿಂತು ಒಬ್ಬನ ಮನೆಯ ಗೋಡೆಯನ್ನು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರು. ಗೋಡೆ ಬಿಸಿಯಾಗಿತ್ತು, ಒಳಗೆ ದೀಪ ಹಾಕಿ ಗಾಂಜಾ ಬೆಳೆಸಿದ್ದ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ತೀರ್ಪು ಬಂತು, ಕೈಲೋ ಪ್ರಕರಣ ಅಂತ ಕಾನೂನು ಓದುವ ಗೆಳೆಯರನ್ನು ಕೇಳಿ. ವಾರಂಟ್ ಇಲ್ಲದೆ ಮನೆಯ ಬಿಸಿ ನೋಡುವುದೂ ಶೋಧನೆಯೇ, ಅದು ಸಂವಿಧಾನಕ್ಕೆ ವಿರುದ್ಧ. ಮನೆಯೊಡತಿ ಯಾವ ಹೊತ್ತಿಗೆ ಸ್ನಾನ ಮಾಡುತ್ತಾಳೆ ಅನ್ನುವುದೂ ಗೊತ್ತಾಗಿಬಿಡುತ್ತದಲ್ಲ ಅಂತ ನ್ಯಾಯಾಧೀಶರು ಕಳವಳಪಟ್ಟರು. ಒಳ್ಳೆಯ ತೀರ್ಪು, ಬೇಡ ಅನ್ನೋದಿಲ್ಲ. ಆದರೆ ತಮ್ಮವನ ಮನೆ ಗೋಡೆಯ ಬಿಸಿಗೆ ಇಷ್ಟು ಮಾನ ಕೊಟ್ಟ ದೇಶವೇ, ಒಂಬತ್ತು ವರ್ಷದ ಮೇಲೆ, ಉರುಝ್‌ಗಾನಿನ ತಾಯಂದಿರ ಮೈಬಿಸಿಯನ್ನು ಗುರಿ ಗೆರೆಯೊಳಗೆ ಇಟ್ಟಿತು. ಅಲ್ಲಿಗೆ ಯಾವ ವಾರಂಟು?

ಈ ಕಣ್ಣು ಕೊಲ್ಲುವುದಕ್ಕೆ ಮಾತ್ರವಲ್ಲ, ಕಂಡೂ ಕಾಣದ ಹಾಗೆ ಇರುವುದಕ್ಕೂ ಬರುತ್ತದೆ. ಯೂರೋಪಿನ ಗಡಿ ಕಾಯುವ ಫ್ರಾಂಟೆಕ್ಸ್ ಸಂಸ್ಥೆ ಡ್ರೋನು ಹಾರಿಸಲು 2020ರಲ್ಲಿ ಏರ್‌ಬಸ್, ಎಲ್ಬಿಟ್ ಕಂಪನಿಗಳಿಗೆ ಒಟ್ಟು 10 ಕೋಟಿ ಯೂರೋ ಕರಾರು ಕೊಟ್ಟಿತು. ಮೆಡಿಟರೇನಿಯನ್ ಸಮುದ್ರದಲ್ಲಿ ಹರಕು ದೋಣಿಯಲ್ಲಿ ಬರುವ ಬಡವರನ್ನು ಈ ಕಣ್ಣು ರಾತ್ರಿಯಲ್ಲೂ ಹುಡುಕುತ್ತದೆ. ಹುಡುಕಿ ಕಾಪಾಡುವುದಕ್ಕಿಂತ, ಲಿಬಿಯಾದವರು ಬಂದು ಹಿಡಿದು ವಾಪಸು ಜೈಲಿಗೆ ಎಳೆದೊಯ್ಯಲು ಇದು ನೆರವಾಗಿದೆ ಅಂತ ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ ತೋರಿಸಿತು. 2023ರ ಜೂನ್ 14ರ ರಾತ್ರಿ ಗ್ರೀಸಿನ ಪೈಲೋಸ್ ಹತ್ತಿರ ಸುಮಾರು 750 ಜನರಿದ್ದ ಮೀನು ದೋಣಿ ಮುಳುಗಿತು. ಬದುಕಿದವರು 104. ಹಿಂದಿನ ದಿನವೇ ಫ್ರಾಂಟೆಕ್ಸ್ ವಿಮಾನ ಅದನ್ನು ಕಂಡಿತ್ತು. ಮುಳುಗುವಾಗ ಪಕ್ಕದಲ್ಲೇ ಗ್ರೀಸಿನ ಕರಾವಳಿ ಕಾವಲು ಹಡಗು ಇತ್ತು, ಅದರ ಮೇಲೆ ಥರ್ಮಲ್ ಕ್ಯಾಮೆರಾ ಇತ್ತು. ಏನಾಯಿತು ತೋರಿಸಿ ಅಂದರೆ, ಆ ರಾತ್ರಿಯ ಚಿತ್ರ ಇಲ್ಲ ಅಂದರು. ಕೋಟಿಗಟ್ಟಲೆ ಸುರಿದು ಕೊಂಡ ಕಣ್ಣು ಸಾಕ್ಷಿ ಹೇಳಬೇಕಾದ ಹೊತ್ತಿಗೆ ಕುರುಡಾಗುತ್ತದೆ.

ಈಗ ನಮ್ಮ ಮನೆಗೆ ಬನ್ನಿ. ಈ ಸಂತೆ ಎರಡು ವರ್ಷಕ್ಕೊಮ್ಮೆ ನಮ್ಮ ಯಲಹಂಕದಲ್ಲೇ ಸೇರುತ್ತದೆ. ಏರೋ ಇಂಡಿಯಾ ಅಂತ. ಜನ ವಿಮಾನದ ಲಾಗ ನೋಡಿ ಬಾಯಿ ಬಿಡುತ್ತಾರೆ, ವ್ಯಾಪಾರ ಒಳಗೆ ಮಳಿಗೆಗಳಲ್ಲಿ ನಡೆಯುತ್ತದೆ. 2025ರ ಫೆಬ್ರವರಿ 10ರಿಂದ 14ರವರೆಗೆ ಐದು ದಿನದ ಸಂತೆ. ಅದಕ್ಕಾಗಿ ಆಗಿನ ಬಿಬಿಎಂಪಿ ಏನು ಮಾಡಿತು ಗೊತ್ತಲ್ಲ? ಜನವರಿ 23ರಿಂದ ಫೆಬ್ರವರಿ 17ರವರೆಗೆ, 26 ದಿನ, ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸ, ಕೋಳಿ, ಮೀನಿನ ಅಂಗಡಿ ಮುಚ್ಚಬೇಕು, ಹೋಟೆಲಿನಲ್ಲಿ ಮಾಂಸದೂಟ ಬಡಿಸಬಾರದು ಅಂತ ಆಜ್ಞೆ. ಕಾರಣ ಹದ್ದುಗಳು. ಮಾಂಸದ ಚೂರಿಗೆ ಹದ್ದು ಬರುತ್ತದೆ, ವಿಮಾನಕ್ಕೆ ಬಡಿಯುತ್ತದೆ. ಹದ್ದು ಬಡಿದರೆ ಅಪಾಯ, ನಿಜ. ಹಾಗಾದರೆ ಕಸವನ್ನು ಸರಿಯಾಗಿ ಎತ್ತಿಸಿ. 26 ದಿನ ಅಂಗಡಿ ಮುಚ್ಚಿದ ಕೋಳಿಯವನ ಮನೆಯ ಒಲೆ ಬಗ್ಗೆ ಮಳಿಗೆಯವರನ್ನು ಯಾರೂ ಕೇಳಲಿಲ್ಲ. ಕೊಲ್ಲುವ ಸಾಮಾನು ಮಾರಬಹುದು, ಕಾಲು ಕೇಜಿ ಬೋಟಿ ಮಾರಬಾರದು!

ಬೆಂಗಳೂರು ಬರೀ ಸಂತೆ ಮಾಳ ಅಲ್ಲ, ಕಮ್ಮಟವೂ ಹೌದು. ಇಲ್ಲಿಯ ಬಿಇಎಲ್, ಅದರ ಮಚಲೀಪಟ್ಟಣದ ಘಟಕ, ರಾತ್ರಿ ಕಣ್ಣುಗಳನ್ನು ಮಾಡುತ್ತವೆ. ಇಲ್ಲಿಯ ಟಾನ್ಬೋ ಇಮೇಜಿಂಗ್ ಎಂಬ ಖಾಸಗಿ ಕಂಪನಿ ಇದನ್ನೇ ಮಾಡಿ ಹೊರದೇಶಗಳಿಗೂ ಮಾರುತ್ತದೆ. ನಾಳೆ ನಮ್ಮಲ್ಲೇ ಒಬ್ಬನಿಗೆ, ಡಿಪ್ಲೊಮಾ ಮುಗಿಸಿದ ತಮ್ಮನಿಗೋ ತಂಗಿಗೋ, ಅಂಥ ಕಡೆ ಕೆಲಸ ಸಿಗಬಹುದು. ಸಿಕ್ಕರೆ ಹೋಗಲಿ. ಮನೆಯಲ್ಲಿ ಸಾಲ ಇಟ್ಟುಕೊಂಡು ಕೆಲಸ ಬಿಡು ಅಂತ ಹೇಳುವ ಹೊಟ್ಟೆ ತುಂಬಿದವರ ಉಪದೇಶ ನನ್ನದಲ್ಲ. ಆದರೆ ತಾನು ಉಜ್ಜುವ ಮಸೂರ ಯಾರ ಕಡೆ ತಿರುಗುತ್ತದೆ ಅಂತ ಕೇಳುವ ಹಕ್ಕು ಉಜ್ಜುವವನಿಗಿದೆ.

‘ಅಣ್ಣಾ, ಗಡಿಯಲ್ಲಿರೋ ನಮ್ಮ ಜವಾನ ಕತ್ತಲಲ್ಲಿ ಕುರುಡಾಗಿ ನಿಲ್ಲಬೇಕೇ?’ ಅಂತ ನೀವು ಕೇಳುತ್ತೀರಿ. ಕೇಳಬೇಕು. ಆ ಜವಾನ ಮಂತ್ರಿಯ ಮಗನಲ್ಲ, ನಮ್ಮ ಕೇರಿಯ ಮಗ, ನಮ್ಮೂರಿನ ರೈತನ ಮಗ. 1999ರ ಜೂನ್ 24ರಂದು ಕಾರ್ಗಿಲ್‌ನ ಟೈಗರ್ ಹಿಲ್ ಮೇಲೆ ನಮ್ಮ ಮಿರಾಜ್ ವಿಮಾನ ಇಸ್ರೇಲಿನ ಲೈಟನಿಂಗ್ ಎಂಬ ಕಣ್ಣು ಕಟ್ಟಿಕೊಂಡು ಹೋಗಿ ಗುರಿ ಹೊಡೆಯಿತು. ಬೆಟ್ಟ ಹತ್ತುತ್ತಿದ್ದ ಹುಡುಗರಿಗೆ ಅದರಿಂದ ಅನುಕೂಲವಾಯಿತು. ಸುಳ್ಳು ಹೇಳುವುದು ಬೇಡ. ಜವಾನನಿಗೆ ಕೊಡಿ, ಒಳ್ಳೆಯದನ್ನೇ ಕೊಡಿ. ಆದರೆ ಕೊಟ್ಟಿದ್ದೇನು? 2001ರಲ್ಲಿ ರಷ್ಯದಿಂದ 310 ಟಿ-90 ಟ್ಯಾಂಕು ಕೊಂಡರು. ಅದರೊಳಗೂ ಫ್ರಾನ್ಸಿನ ಅದೇ ಕ್ಯಾಥರೀನ್ ಕಣ್ಣು. ರಾಜಸ್ಥಾನದ ಬೇಸಿಗೆಗೆ ಕೆಟ್ಟು ಕೂತವು. ಬಿಸಿಯನ್ನು ನೋಡುವ ಕಣ್ಣು ಬಿಸಿಯನ್ನು ತಡೆಯಲಿಲ್ಲ! ಒಳಗೆ ಬೇಯುತ್ತಾ ಕೂತವನು ಅದೇ ಜವಾನ. ದೇಶಭಕ್ತಿಯ ಭಾಷಣದಲ್ಲಿ ಇದು ಬರುವುದಿಲ್ಲ.

ಮತ್ತೆ ಈ ಸಂತೆಯಲ್ಲಿ ನಮಗೆ ಮಾತ್ರ ಮಾರುತ್ತಾರೆಯೇ? ಎದುರಿನವನೂ ಕೊಳ್ಳುತ್ತಾನೆ. ಇಬ್ಬರಿಗೂ ಕಣ್ಣು ಬಂದ ಮೇಲೆ ಇಬ್ಬರಿಗೂ ಮೈಬಿಸಿ ಮುಚ್ಚುವ ಕಂಬಳಿ ಬೇಕು. ಯುಕ್ರೇನಿನಲ್ಲಿ ಎರಡೂ ಕಡೆಯ ಸೈನಿಕರು ಅಂಥ ಕಂಬಳಿ ಹೊದ್ದು ತೆವಳುತ್ತಿದ್ದಾರೆ. ಕಂಬಳಿ ಬಂದ ಮೇಲೆ ಅದನ್ನು ಮೀರುವ ಇನ್ನೂ ಚೂಪಾದ ಕಣ್ಣು. ಕಣ್ಣಿಗೆ ಬೇಕಾದ ಜರ್ಮೇನಿಯಂ ಹೆಚ್ಚಾಗಿ ಬರುವುದು ಚೀನಾದಿಂದ. 2023ರಲ್ಲಿ ಅದು ಲೈಸೆನ್ಸ್ ಹಾಕಿತು, 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಕೊಡುವುದೇ ಇಲ್ಲ ಅಂದಿತು, 2025ರ ನವೆಂಬರಿನಲ್ಲಿ ಆ ನಿಷೇಧವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಿತು. ಬೆಲೆ ಏರಿದ್ದೇ ಏರಿದ್ದು. ಶತ್ರುಗಳೆಂದು ಕೂಗಾಡುವವರು ಒಬ್ಬರ ಅಂಗಡಿಗೆ ಇನ್ನೊಬ್ಬರು ಗಿರಾಕಿಗಳು.

ಆದ್ದರಿಂದ ಕೇಳಬೇಕಾದ್ದು ಕ್ಯಾಮೆರಾ ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲ. ಯಾರಿಗೆ ಮಾರಿದಿರಿ? ಎಷ್ಟಕ್ಕೆ? ಅವನು ಅದನ್ನು ಯಾರ ಮೇಲೆ ತಿರುಗಿಸುವುದಿಲ್ಲ ಅಂತ ಬರೆದುಕೊಟ್ಟಿದ್ದಾನೆ? ಬರೆದುಕೊಟ್ಟದ್ದನ್ನು ಮುರಿದರೆ ಏನು ಮಾಡುತ್ತೀರಿ? ನಮ್ಮ ದೇಶದಿಂದ 2024-25ರಲ್ಲಿ 23,622 ಕೋಟಿ ರೂಪಾಯಿಯ ರಕ್ಷಣಾ ಸಾಮಾನು ಹೊರಗೆ ಹೋಯಿತು ಅಂತ ಸರ್ಕಾರ ಹೆಮ್ಮೆಯಿಂದ ಹೇಳಿತು. ಯಾವ ಸಾಮಾನು ಯಾರ ಕೈಗೆ ಹೋಯಿತು ಎಂಬ ಪೂರ್ತಿ ಪಟ್ಟಿಯನ್ನು ಜನರ ಮುಂದೆ ಇಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಆಯುಧ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ 2014ರಲ್ಲೇ ಜಾರಿಗೆ ಬಂದಿದೆ, ಭಾರತ ಅದಕ್ಕೆ ಸಹಿ ಹಾಕಿಲ್ಲ. ಕೆನಡಾದಲ್ಲಿ ಪರವಾನಗಿ ರದ್ದಾದದ್ದು, ಫ್ರಾನ್ಸಿನ ಕಿಂಡಿ ಬಯಲಾದದ್ದು, ಉರುಝ್‌ಗಾನಿನ ಮಾತುಕತೆ ಹೊರಗೆ ಬಂದದ್ದು ದೊರೆಗಳ ಕರುಣೆಯಿಂದಲ್ಲ. ಯಾರೋ ಕೂತು ಕಾಗದ ಕೇಳಿದರು, ಕೊಡುವವರೆಗೆ ಬಿಡಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಬಿಇಎಲ್ ಸರ್ಕಾರಿ ಕಂಪನಿ, ಅದಕ್ಕೆ ಅರ್ಜಿ ಹಾಕಬಹುದು, ರಕ್ಷಣಾ ಇಲಾಖೆಗೂ ಹಾಕಬಹುದು. ಕಳೆದ ಐದು ವರ್ಷದಲ್ಲಿ ಥರ್ಮಲ್ ಕ್ಯಾಮೆರಾ ಯಾವ ಯಾವ ದೇಶಕ್ಕೆ ಮಾರಿದಿರಿ ಅಂತ ಒಂದೇ ಸಾಲು ಬರೆಯಿರಿ. ಒಂದು ಹಾಸ್ಟೆಲಿನಿಂದ ಒಂದು ಅರ್ಜಿ ಹೋದರೂ ಸಾಕು. ದೇಶದ ಭದ್ರತೆ, ಎಂಟನೇ ಕಲಮು, ಕೊಡಲಾಗುವುದಿಲ್ಲ ಅಂತ ಉತ್ತರ ಬರಬಹುದು. ಬಂದರೆ ಆ ಉತ್ತರದ ಕಾಗದವನ್ನು ಹರಿದು ಹಾಕಬೇಡಿ. ಮೇಲ್ಮನವಿಗೆ 30 ದಿನ ಇರುತ್ತದೆ. ಕಾಗದವನ್ನು ಮುಂದಿನ ಸಭೆಗೆ ತನ್ನಿ, ಇದೇ ಪುಟದಲ್ಲಿ ಅಚ್ಚು ಹಾಕೋಣ.